ಗೂಟಕ್ಕೆ ತೂಗುಹಾಕಿದ ಮಾಳ

ಮಹಾರಾಷ್ಟ್ರದ ಗಡಿಗೆ ಹತ್ತಿರದ ಶಿರಗುಪ್ಪಿಯಲ್ಲಿ ಬಸ್ಸಿಳಿದು ತಮ್ಮನ ಮನೆಗೆ ದಾರಿ ಕೇಳಿದೆ. ಚಹಾದಂಗಡಿಯ ಮುಂದೆ ಕೂತಿದ್ದ ಬಿಳಿ ಟೋಪಿಯ ಹಿರಿಯರೊಬ್ಬರು ನನ್ನನ್ನೂ ನನ್ನ ಚೀಲವನ್ನೂ ನೋಡಿ, "ಪ್ಯಾನ್‌ಮನ್ ಮಾದೇಶನ ಅಕ್ಕಾರೇನ್ರಿ? ಬರ್ರಿ ಬರ್ರಿ. ಮುಂಜಾನೆ ಕುಡದು ಗಟಾರದಾಗ ಬಿದ್ದಿದ್ದ. ಎತ್ತಿ ತೊಳದು ನಮ್ಮ ಕಟ್ಟಿ ಮ್ಯಾಲ ಮಲಗಿಸೇವಿ. ಮೊದಲ ಚಾ ಕುಡೀರಿ," ಎಂದರು. ಗಟಾರ, ಚಹಾ ಎರಡೂ ಒಂದೇ ಉಸಿರಿನಲ್ಲಿ ಬಂದವು. ಸುತ್ತ ಕೂತವರು ಯಾರೂ ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ನಾನು ಚಹಾ ಕುಡಿದೆ.

ನಮ್ಮ ಮಳವಳ್ಳಿ ಕಡೆ ಕುಡುಕರಿಲ್ಲವೆಂದಲ್ಲ. ಆದರೆ ಅಲ್ಲಿ ಅವರಿಗೆ 'ಮೈ ಸರಿ ಇರುವುದಿಲ್ಲ'. ಚಿಕ್ಕಪ್ಪ ಕುಡಿದು ಕುಡಿದೇ ಸತ್ತಾಗ ಮನೆಯವರೆಲ್ಲ ಕಾಮಾಲೆ ಎಂದೇ ಹೇಳಿದೆವು, ಊರೂ ನಂಬಿದಂತೆ ತಲೆಯಾಡಿಸಿತು. ಇಲ್ಲಿ ಹಾಗಲ್ಲ. ಇವರ ಬಾಯಿಗೆ ಬಾಗಿಲಿಲ್ಲ. ಮೊದಲ ವಾರ ನನಗೆ ಅದು ಬೀದಿಯಲ್ಲಿ ಸೆರಗು ಎಳೆದಂತೆ ಆಗುತ್ತಿತ್ತು.

ಮಾದೇಶ ನನ್ನ ಒಬ್ಬನೇ ತಮ್ಮ. ಮಂಡ್ಯದ ಕಬ್ಬಿನ ಸೀಮೆಯಿಂದ ಇಲ್ಲಿಯ ಕಬ್ಬಿನ ಸೀಮೆಗೆ ಹುಡುಗನಾಗಿದ್ದಾಗಲೇ ಬಂದವನು. ಪ್ಯಾನ್‌ಮನ್ ಎಂದರೆ ಸಕ್ಕರೆ ಕಾರ್ಖಾನೆಯಲ್ಲಿ ಕುದಿಯುವ ರಸ ಹರಳುಗಟ್ಟುವ ಹದ ನೋಡುವವನು. ಹದ ನೋಡುವುದರಲ್ಲಿ ಅವನದು ಎತ್ತಿದ ಕೈ ಎಂದು ಹೇಳುತ್ತಿದ್ದರು. ತನ್ನ ಹದ ಮಾತ್ರ ಅವನಿಗೆ ತಿಳಿಯಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ಮಿರಜದ ತವರಿಗೆ ಹೊರಟ ದಿನ ನನಗೆ ಫೋನ್ ಮಾಡಿ, "ಅಕ್ಕಾರ, ಇನ್ನ ಮ್ಯಾಲ ನಿಮ್ಮ ತಮ್ಮಾ ನಿಮ್ಮಾಂವ," ಎಂದು ಇಟ್ಟುಬಿಟ್ಟಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಾನು ಹೊಲಿಗೆ ಟೀಚರಾಗಿ ನಿವೃತ್ತಳು, ಗಂಡ ಇಲ್ಲ, ಮಕ್ಕಳಿಲ್ಲ. ಬರಲಾರೆ ಎನ್ನಲು ಒಂದು ನೆಪವೂ ಇರಲಿಲ್ಲ.

ಮೊದಲು ಮಿರಜದ ಆಸ್ಪತ್ರೆಯಲ್ಲಿ ಮಲಗಿಸಿದೆವು. ಕುಡಿತವನ್ನು ಮನೆಯಲ್ಲೇ ಥಟ್ಟನೆ ಬಿಡಿಸಿದರೆ ಫಿಟ್ಸ್ ಬಂದು ಜೀವ ಹೋಗಬಹುದಂತೆ, ಅದು ನನಗೆ ಗೊತ್ತಿರಲಿಲ್ಲ. ಅವನ ಕೈ ನಡುಗಿತು, ಗೋಡೆಯ ಮೇಲೆ ಇರುವೆಗಳು ಕಂಡವು, ನನ್ನನ್ನು ಅಮ್ಮ ಎಂದು ಕರೆದ. ಬಿಡುಗಡೆಯ ದಿನ ಡಾಕ್ಟರು ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಒಂದೇ: ಲಿವರ್ ಅರ್ಧ ಹೋಗಿದೆ, ಮತ್ತೆ ಹಿಡಿದರೆ ಮನುಷ್ಯ ಉಳಿಯುವುದಿಲ್ಲ. ಸರಿ ಎಂದೆ. ಅಂದಿನಿಂದ ನನ್ನೊಳಗೆ ಏನೋ ಮರಗಟ್ಟಿತು, ಕಾಲು ಜೋಮು ಹಿಡಿದ ಹಾಗೆ. ಅಳು ಬರುವುದಿಲ್ಲ, ನಗುವೂ ಅಷ್ಟಕ್ಕಷ್ಟೆ.

ಮನೆ ಪತ್ರಾಸಿನದು, ಅಂದರೆ ತಗಡಿನ ಮಾಡು. ಹಗಲು ಒಳಗೆ ಕೂತರೆ ತಲೆ ಕಾಯುತ್ತದೆ. ಮನೆಯ ಮಾಲೀಕರು ಅದೇ ಬಿಳಿ ಟೋಪಿಯ ಹಿರಿಯರು. ಎಲ್ಲರೂ ಅವರನ್ನು ತಾತ್ಯಾ ಎನ್ನುತ್ತಾರೆ, ಈ ಕಡೆ ದೊಡ್ಡವರನ್ನು ಹಾಗೆ ಕರೆಯುವುದು ರೂಢಿ. ಕಬ್ಬು, ದ್ರಾಕ್ಷಿ ಎರಡೂ ಇರುವ ಕುಳ. ಅವರ ಹೆಂಡತಿ ಇಂದುಬಾಯಿ ಎಮ್ಮೆಗೆ ಕನ್ನಡದಲ್ಲಿ ಬೈಯುತ್ತಾರೆ, ಮೊಮ್ಮಗಳಿಗೆ ಮರಾಠಿಯಲ್ಲಿ. ಎರಡೂ ಮಾತು ಕೇಳುವುದಿಲ್ಲ.

ನಮ್ಮಲ್ಲಿ ಕಬ್ಬಿನ ಪಕ್ಕದಲ್ಲಿ ಭತ್ತ ಇರುತ್ತದೆ, ಕಣ್ಣಿಗೆ ಒಂದು ಬಿಡುವು. ಇಲ್ಲಿ ಕಬ್ಬು ಮುಗಿದರೆ ಕಬ್ಬು. ಹಂಗಾಮಿನಲ್ಲಿ ಊರೆಲ್ಲ ಕಾಕಂಬಿಯ ಹುಳಿ ವಾಸನೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕದಿಂದಲೇ ಸಾರಾಯಿ ಆಗುವುದು. ಕುಡಿತ ಬಿಟ್ಟವನನ್ನು ಇಂಥ ಗಾಳಿಯಲ್ಲಿ ಇಟ್ಟುಕೊಂಡಿದ್ದೇನೆ. ಮಳವಳ್ಳಿಗೆ ಹೋಗೋಣ ಬಾರೋ ಎಂದರೆ, "ಅಲ್ಲಿ ನಾನು ಯಾರಕ್ಕಾ? ಇಲ್ಲಿ ಪ್ಯಾನ್‌ಮನ್ ಅಂತಾದ್ರೂ ಅಂತಾರ," ಎಂದ.

ನಾನು ತಂದ ರಾಗಿ ಹಿಟ್ಟಿನಲ್ಲಿ ಮುದ್ದೆ ಕಟ್ಟಿದರೆ ಅವನು ಒಂದು ತುತ್ತು ಮುರಿದು ತಟ್ಟೆ ಸರಿಸಿದ. ನಾಲಿಗೆ ಊರು ಬಿಟ್ಟಿದೆ ಎಂದುಕೊಂಡು ಇಂದುಬಾಯಿಯ ಪಕ್ಕ ಕೂತು ಜೋಳದ ರೊಟ್ಟಿ ಬಡಿಯಲು ಕಲಿತೆ. ಮೊದಲಿನವು ಭೂಪಟಗಳಾದವು. "ಅಡ್ಡಿಯಿಲ್ರಿ, ಹೊಟ್ಟ್ಯಾಗ ಹೋದಮ್ಯಾಲ ಎಲ್ಲಾ ದುಂಡಗ," ಎಂದರು ಅವರು. ಅಡ್ಡಿಯಿಲ್ಲ ಎಂಬ ಮಾತನ್ನು ಇಲ್ಲಿ ಎಲ್ಲದಕ್ಕೂ ಹಚ್ಚುತ್ತಾರೆ. ಒಂದು ದಿನ ರೊಟ್ಟಿ ಉಬ್ಬಿತು. ಮಾದೇಶ ಕೇಳಿ ಹಾಕಿಸಿಕೊಂಡು ತಿಂದ. ಸಂತೋಷ ಪಡಬೇಕಿತ್ತು ಎಂದು ಪಾತ್ರೆ ತೊಳೆಯುವಾಗ ನೆನಪಾಯಿತು.

ಆಸ್ಪತ್ರೆಯಿಂದ ಬಂದ ಮೇಲೆ ತಾತ್ಯಾ ಅವನನ್ನು ಪಂಢರಪುರಕ್ಕೆ ಕರೆದುಕೊಂಡು ಹೋಗಿ ತುಳಸಿಮಣಿಯ ಸರ ಹಾಕಿಸಿದರು. ಇಲ್ಲಿ ಅದಕ್ಕೆ ಮರಾಠಿಯವರಂತೆ ಮಾಳ ಎನ್ನುತ್ತಾರೆ, ಹಾಕಿದವನು ಮಾಳಕರಿ. ಮಾಳಕರಿ ಮಾಂಸ ಮುಟ್ಟುವಂತಿಲ್ಲ, ಕುಡಿಯುವಂತಿಲ್ಲ. ಕೊರಳಲ್ಲಿ ಮಾಳ ಕಂಡರೆ ಊರಿನ ಸಾರಾಯಿ ಅಂಗಡಿಯವನೂ ಬಾಟಲಿ ಕೊಡುವುದಿಲ್ಲ. ನಮ್ಮಲ್ಲಿ ಮಾದಪ್ಪನ ಮೇಲೆ ಆಣೆ ಮಾಡುತ್ತಾರೆ, ಆಣೆ ಕಣ್ಣಿಗೆ ಕಾಣುವುದಿಲ್ಲ. ಇದು ಕಾಣುತ್ತದೆ, ಊರೇ ಕಾವಲು ಕಾಯುತ್ತದೆ. ಡಾಕ್ಟರ ಮಾತ್ರೆ ಒಂದು ಕಡೆ, ಮಾಳ ಒಂದು ಕಡೆ, ನಡೆಯಲಿ ಎಂದುಕೊಂಡೆ.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಪಕ್ಕದ ಗೂಟಕ್ಕೆ ಮಾಳ ತೂಗುತ್ತಿತ್ತು. ಸ್ನಾನಕ್ಕೆ ತೆಗೆದಿಟ್ಟು ಮರೆತು ಹೊರಗೆ ಹೋಗಿದ್ದಾನೆ ಎಂದು ತಿಳಿದೆ. ದಾರ ಎಣ್ಣೆ ಜಿಡ್ಡಿನಿಂದ ಕಪ್ಪಾಗಿತ್ತು. ಹೊಲಿಗೆ ಟೀಚರ ಕೈ ಸುಮ್ಮನಿರುತ್ತದೆಯೇ? ಮಣಿಗಳನ್ನು ಬಿಡಿಸಿ, ತೊಳೆದು, ಗಟ್ಟಿ ನೈಲಾನ್ ದಾರದಲ್ಲಿ ಪೋಣಿಸಿ, ಗಂಟು ಕಾಣದಂತೆ ಮುಚ್ಚಿ, ಮತ್ತೆ ಅದೇ ಗೂಟಕ್ಕೆ ಹಾಕಿದೆ. ನಲ್ಲಿಯ ಹತ್ತಿರ ಇಂದುಬಾಯಿಗೆ ಹೆಮ್ಮೆಯಿಂದ ಹೇಳಿಯೂ ಹೇಳಿದೆ. ಅವರು ಕೊಡ ಕೆಳಗಿಟ್ಟರು.

"ಅಯ್ಯ ಅಕ್ಕಾರ, ಜಳಕಕ್ಕ ಯಾರಾರ ಮಾಳ ತಗೀತಾರೇನ್ರಿ? ಮಾಳ ಗೂಟಕ್ಕ ಬಿತ್ತಂದ್ರ ಮನಶ್ಯಾ ಕುಡ್ಯಾಕ ಹೋಗ್ಯಾನಂತನ. ಕೊಳ್ಳಾಗ ಇಟ್ಟಕೊಂಡು ಕುಡದ್ರ ಪಾಪ, ಅದಕ್ಕ ತಗದಿಟ್ಟು ಹೋಗ್ತಾರ."

ಅವನು ಗಡಿ ದಾಟಿ ಮಹಾರಾಷ್ಟ್ರದ ಕಡೆಗೆ ಹೋಗಿದ್ದ, ಅಲ್ಲಿ ಅವನನ್ನು ಬಲ್ಲವರಿಲ್ಲ. ಅವನು ಕುಡಿಯುತ್ತಿದ್ದ ಹೊತ್ತಿಗೆ ನಾನು ಅವನ ಮಣಿಗಳನ್ನು ಸಾಬೂನಿನಲ್ಲಿ ತಿಕ್ಕುತ್ತಿದ್ದೆ. ಸಂಜೆ ಯಾರೋ ಟಂಟಂ ಆಟೋದಲ್ಲಿ ತಂದು ಇಳಿಸಿದರು. ಮತ್ತೆ ಮಿರಜ, ಮತ್ತೆ ಸಲಾಯಿನ್. ಈ ಸಲ ಉಳಿದ. ಡಾಕ್ಟರು ನನ್ನ ಮುಖವನ್ನೇ ನೋಡಲಿಲ್ಲ.

ವಾಪಸು ಬಂದವಳೇ ಇಕ್ಕಳದಿಂದ ಆ ಗೂಟವನ್ನು ಕಿತ್ತು ಒಲೆಗೆ ಹಾಕಿದೆ. ತೆಗೆದಿಡಲು ಜಾಗವಿಲ್ಲದಿದ್ದರೆ ಹೇಗೆ ತೆಗೆಯುತ್ತಾನೆ ನೋಡೋಣ ಎಂಬ ಹಟ. ಮಾದೇಶನಿಗೆ ಮಾಳ ಮತ್ತೆ ಹಾಕಲು ಬಂದ ತಾತ್ಯಾ ಗೋಡೆಯ ತೂತನ್ನು ನೋಡಿ ತಿರುಗಿ ಹೋದರು. ಹೊಸ ಗೂಟ, ಸುತ್ತಿಗೆ ಹಿಡಿದು ಬಂದರು.

"ತಾತ್ಯಾ, ಬೇಡ," ಎಂದೆ.

"ಅಕ್ಕಾರ, ಗೂಟ ಐತಂತ ತಗದಿಡ್ತಾನ. ಗೂಟ ಇಲ್ಲಂದ್ರ ಎಲ್ಲ್ಯಾರ ಕೆನಾಲದಾಗ ಒಗದು ಬಿಡ್ತಾನ. ತಗದಿಟ್ಟಾಂವ ತಿರುಗಿ ಹಾಕಿಸ್ಕೊಂತಾನ. ಒಗದಾಂವ ಬರಂಗಿಲ್ಲ. ನನ್ನ ಮನ್ಯಾಗೂ ಒಂದ ಗೂಟ ಐತ್ರಿ."

ಹೇಳಿ, ಅದೇ ತೂತಿಗೆ ಗೂಟ ಬಡಿದರು. ಅವರ ಹಿಂದೆಯೇ ಬಂದು ನಿಂತಿದ್ದ ಇಂದುಬಾಯಿ ಅತ್ತ ತಿರುಗಿಕೊಂಡರು. ಅಷ್ಟು ದೊಡ್ಡ ಕುಳದ ಮನೆಯಲ್ಲೂ ಇದೇ ಕಥೆ ನಡೆದಿತ್ತೆಂದು ಆಗ ಗೊತ್ತಾಯಿತು. ನಮ್ಮಲ್ಲಿ ಆಣೆ ಮುರಿದರೆ ಮುರಿಯಿತು, ಆಮೇಲೆ ಅವನನ್ನು ಯಾರೂ ನಂಬುವುದಿಲ್ಲ. ಇಲ್ಲಿ ಮುರಿದದ್ದಕ್ಕೂ ಗೋಡೆಯಲ್ಲಿ ಒಂದು ಜಾಗ ಮಾಡಿಟ್ಟಿದ್ದಾರೆ. ಒಳ್ಳೆಯದೋ ಕೆಟ್ಟದ್ದೋ ನಾನು ಹೇಳಲಾರೆ. ಅಂದಿನಿಂದ ಎದ್ದ ಕೂಡಲೇ ಗೂಟ ನೋಡುತ್ತೇನೆ, ಆಮೇಲೆ ಅವನ ಮುಖ. ಗೂಟ ಬರಿದಾಗಿದ್ದರೆ ಹಿಟ್ಟು ಕಲಸುತ್ತೇನೆ. ಮಾಳ ಇದ್ದರೆ ಅವನನ್ನು ಹುಡುಕಿ ತರಲು ಟಂಟಂನವನಿಗೆ ಫೋನು. ಎರಡನ್ನೂ ಒಂದೇ ಮುಖದಲ್ಲಿ ಮಾಡುತ್ತೇನೆ.

ಈಚೆಗೆ ತಂಗಿಯ ಮಗಳ ಮದುವೆಗೆ ಮಳವಳ್ಳಿಗೆ ಬಂದಿದ್ದೆನಲ್ಲ, ನಮ್ಮೂರಿನವರೇ, ನಿಮ್ಮಲ್ಲಿ ಕೆಲವರು ನೋಡಿದ್ದೀರಿ. "ಮಾದೇಶ ಹೆಂಗವ್ನೆ?" ಎಂದು ಕೇಳಿದಿರಿ. "ಅಡ್ಡಿಯಿಲ್ರಿ," ಎಂದೆ. ಎಲ್ಲರೂ ನಕ್ಕಿರಿ, ಮಾತೇ ಬದಲಾಗಿದೆ ಎಂದು. ಮದುವೆಯ ಮರುದಿನ ಬೆಳಿಗ್ಗೆ ಎದ್ದಾಗ ನನ್ನ ಕಣ್ಣು ತಾನಾಗಿ ಬಾಗಿಲ ಪಕ್ಕಕ್ಕೆ ಹೋಯಿತು. ಅಲ್ಲಿ ಕ್ಯಾಲೆಂಡರ್ ಇತ್ತು. ಹುಟ್ಟಿದ ಮನೆಯಲ್ಲಿ ಆ ಕ್ಷಣ ನಾನು ಯಾರೆಂದೇ ತಿಳಿಯದಂತೆ ನಿಂತಿದ್ದೆ. ಬೀಗರೂಟಕ್ಕೂ ಉಳಿಯದೆ ಹೊರಟೆ.

ರಾತ್ರಿಯೆಲ್ಲ ಪ್ರಯಾಣ ಮಾಡಿ ಮರುದಿನ ಮಧ್ಯಾಹ್ನ ಶಿರಗುಪ್ಪಿ ತಲುಪಿದರೆ ಬಾಗಿಲು ತೆರೆದೇ ಇತ್ತು. ಗೂಟದಲ್ಲಿ ಮಾಳ. ಚೀಲ ಕೆಳಗಿಟ್ಟು ಫೋನು ತೆಗೆದೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಕೆಮ್ಮು ಕೇಳಿತು. ಮಾದೇಶ ಗೂಟದ ಕೆಳಗೇ ಗೋಡೆಗೊರಗಿ ಕೂತಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈ ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದ.

"ಅಕ್ಕೋ, ಮುಂಜಾನೆ ತಗ್ದಿಟ್ಟೆ. ಹೋಗಾಕ ಆಗ್ಲಿಲ್ಲ. ಹಾಕ್ಕೊಳ್ಳಾಕೂ ಆಗ್ಲಿಲ್ಲ."

ಬಗ್ಗಿ ಅವನ ಬಾಯಿ ಮೂಸಿದೆ. ವಾಸನೆ ಇರಲಿಲ್ಲ. ಒಮ್ಮೆ ತೆಗೆದಿಟ್ಟ ಮಾಳವನ್ನು ತಾನೇ ಹಾಕಿಕೊಳ್ಳುವಂತಿಲ್ಲ, ಮತ್ತೆ ಹಾಕಬೇಕಾದವರು ತಾತ್ಯಾ. ಅವರು ದಿಂಡಿಯ ಜೊತೆ, ಅಂದರೆ ಭಜನೆ ಹಾಡುತ್ತ ನಡೆದು ಹೋಗುವವರ ತಂಡದಲ್ಲಿ, ಪಂಢರಪುರದ ದಾರಿಯಲ್ಲಿದ್ದರು. ಅವರು ಬರುವ ತನಕ ಈ ಕೊರಳು ಬರಿದಾಗಿ ಇರುವುದೋ? ಇದ್ದರೆ ಅವನು ಉಳಿಯುವನೋ?

"ಏಳ್ಲಾ, ಜಳಕ ಮಾಡು," ಎಂದೆ.

ಹಸಿ ಮೈಯಲ್ಲೇ ಬಂದು ತಲೆ ತಗ್ಗಿಸಿ ನಿಂತ. ವಿಠ್ಠಲನಿಗೆ ಹೇಳುವ ಮಾತು ನನಗೆ ಬಾರದು. ಬಾಯಿಗೆ ಬಂದದ್ದು ಮಾದಪ್ಪನ ಹೆಸರು, ಅದನ್ನೇ ಹೇಳಿ ಕೊರಳಿಗೆ ಹಾಕಿದೆ. ನೈಲಾನ್ ದಾರದ ಗಂಟು ಗಟ್ಟಿಯಾಗಿಯೇ ಇತ್ತು. ಅವನು ಅತ್ತ. ನನಗೆ ಅಳು ಬರಲಿಲ್ಲ, ಹಸಿವಾಯಿತು. ನನಗೂ ಹಸಿವು ಎಂಬುದಿದೆ ಎಂದು ಎಷ್ಟೋ ಕಾಲದ ಮೇಲೆ ಗೊತ್ತಾಯಿತು. ಇಬ್ಬರೂ ತಣ್ಣನೆಯ ರೊಟ್ಟಿ ತಿಂದೆವು.

ತಾತ್ಯಾ ಬಂದ ಮೇಲೆ ಹೆದರುತ್ತಲೇ ಹೇಳಿದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, "ಮಾದಪ್ಪ ಅಂದ್ರ ಯಾರ್ರಿ? ಇರ್ಲಿ, ನಡೀತೈತಿ. ಇಬ್ರೂ ಕೂಡಿ ಕಾಯ್ಲಿ," ಎಂದರು.

ಊರಿಗೆ ಯಾವಾಗ ಬಂದುಬಿಡುತ್ತೀ ಎಂದು ನೀವು ಫೋನಿನಲ್ಲಿ ಕೇಳುತ್ತಲೇ ಇರುತ್ತೀರಿ. ನನ್ನ ಮನೆಯ ಬೀಗದ ಕೈ ಈಗಲೂ ನನ್ನ ಸೊಂಟದಲ್ಲೇ ಇದೆ. ಬರುತ್ತೇನೆ ಎನ್ನಲಾರೆ, ಬರುವುದಿಲ್ಲ ಎನ್ನಲೂ ಆರೆ. ಬೆಳಿಗ್ಗೆ ಎದ್ದು ಗೂಟ ನೋಡಿ ಹೇಳುತ್ತೇನೆ.