ಊಟ ಬಿಟ್ಟ ಮೀನು

ಹೋಟೆಲಿನ ಅಡುಗೆಯವನಿಗೆ ದಿನವಿಡೀ ರುಚಿ ನೋಡುವುದೇ ಕೆಲಸ. ಅವನ ಬಾಯಿ ಖಾಲಿ ಇದ್ದದ್ದನ್ನು ಹೆಂಡತಿಯೂ ಕಂಡಿರಲಿಲ್ಲ. ಅಂಥವನು ಹಾಕಿದ ತಿಂಡಿಯನ್ನು ಗಲ್ಲಾಪೆಟ್ಟಿಗೆ ಪಕ್ಕದ ಗಾಜಿನ ತೊಟ್ಟಿಯ ಬೆರಳುದ್ದದ ಮೀನೊಂದು ವಾರಗಟ್ಟಲೆ ಮೂಸಿಯೂ ನೋಡಲಿಲ್ಲ. ಅದರ ಗಂಟಲು ಬೇರೆ ಉಬ್ಬಿತ್ತು.

"ಮುಖ ಊದಿಸ್ಕೊಂಡು ಯಾರ ಮೇಲೆ ಸಿಟ್ಟೇ ನಿಂಗೆ?" ಎಂದು ಸೌಟು ಹಿಡಿದೇ ಬಗ್ಗಿದ.

ಮೀನು ಬಾಯಿ ತೆರೆಯಿತು. ಜೀರಿಗೆಯಷ್ಟು ಮರಿಗಳು ಹೊರಗೆ ಈಜಿ ಬಂದವು. ಸೌಟಿನ ನೆರಳು ಬಿದ್ದದ್ದೇ ತಡ, ಅಷ್ಟೂ ತಾಯಿಯ ಬಾಯಿಗೇ ನುಗ್ಗಿದವು. ಮೊಟ್ಟೆಯಾಗಿದ್ದಾಗಿನಿಂದ ಅವನ್ನು ಅಲ್ಲೇ ಕಾಪಾಡಿದ್ದಳು. ಒಂದೂ ಹೊಟ್ಟೆಗಿಳಿಯದಿರಲೆಂದು ಉಪವಾಸವಿದ್ದಳು.

ಅವನು ಬೆರಗಾಗಿ ನಿಂತ. ಒಳಗಿನಿಂದ ಹೆಂಡತಿ ಕೂಗಿದಳು: "ಉಪ್ಪು ಸರಿ ಇದೆಯಾ, ಬಂದು ನೋಡ್ರೀ!"

"ಇವತ್ತು ನೀನೇ ನೋಡೇ," ಎಂದು ಸೌಟು ಕೆಳಗಿಟ್ಟ. "ಈ ತಾಯಿ ಎದುರಿಗೆ ನಿಂತು ನಾನು ಬಾಯಾಡಿಸ್ಲಾ?"