ಕತ್ತು ಮಾವ

“ಯಾರೂ ಎಬ್ಬಿಸಬೇಡಿ! ನೀರು ಬೇಡ, ಗಾಳಿ ಬೇಡ, ನಿಮ್ಮ ಬುದ್ಧಿವಾದ ಮೊದಲೇ ಬೇಡ! ಮಗಳೇ, ತಲೆ ಅಲ್ಲಾಡಿಸ್ಬೇಡ, ಹೂಂ ಅನ್ನೋದಿದ್ರೆ ಬಾಯಲ್ಲೇ ಅನ್ನು. ಆಂಬುಲೆನ್ಸ್ ಬರೋವರೆಗೂ ನಿನ್ನ ತಲೆ ನನ್ನದು, ಬಯ್ಯೋ ಬಾಯಿ ಮಾತ್ರ ನಿಂದು.” ಮೈದಾನದಲ್ಲಿ ಪ್ರಥಮ ಚಿಕಿತ್ಸೆ ಮಾಡುವ ಇವನನ್ನು ಆಟಗಾರರೆಲ್ಲ ಕತ್ತು ಮಾವ ಅಂತಲೇ ಕರೆಯುವುದು. ಬಿದ್ದವರ ತಲೆಯನ್ನು ಎರಡು ಅಂಗೈ ನಡುವೆ ಹಿಡಿದನೆಂದರೆ ಉಡದ ಪಟ್ಟು. ಮನೆಯಲ್ಲೂ ಅದೇ ಪಾಡು. ಊಟ ಸಾಕಾ ಅಂದಾಗ ಹೆಂಡತಿ ತಲೆಯಾಡಿಸಿದರೆ, “ಬಾಯಲ್ಲಿ ಹೇಳೇ!” ಅನ್ನುತ್ತಾನೆ. ಕಲ್ಲಂಗಡಿ ತಂದರೂ ಗಾಯಾಳುವನ್ನು ಇಳಿಸುವ ಹಾಗೆ ಒಂದು, ಎರಡು, ಮೂರು ಎಂದು ಎಣಿಸಿಯೇ ಮೆಲ್ಲಗೆ ನೆಲಕ್ಕಿಡುತ್ತಾನೆ. “ಹಣ್ಣಿಗೂ ಕತ್ತಿದೆಯೇನ್ರೀ?” ಎಂದು ಅವಳಿಗೆ ನಗು. ಇವತ್ತು ಗೋಲು ಕಾಯುವ ಹುಡುಗಿ ಕಂಬಕ್ಕೆ ತಲೆ ಬಡಿದು ಬಿದ್ದು, “ಕಾಲು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ ಮಾವ” ಅಂದಳಂತೆ. ಕತ್ತು ಒಂದೆಳೆ ಅಲುಗಿದರೂ ಜನ್ಮಕ್ಕೆ ಕಾಲು ಹೋದೀತೆಂದು, ಮುಕ್ಕಾಲು ಗಂಟೆ, ತನ್ನ ಮೂಗಿನ ಮೇಲೆ ಇರುವೆ ಹರಿದರೂ ಇವನು ಕೈ ತೆಗೆಯಲಿಲ್ಲ. ಸಂಜೆ ಹೆಂಡತಿ ಅವನ ಕಿವಿಗೆ ಹಿಡಿದ ಫೋನಿನಲ್ಲಿ ಹುಡುಗಿಯ ಅಮ್ಮ, “ಕತ್ತಿನ ಮೂಳೆ ಬಿರುಕು ಬಿಟ್ಟಿದೆ ಅಣ್ಣಾ, ಒಳಗಿನ ನರಕ್ಕೆ ಏನೂ ಆಗಿಲ್ಲ. ಕಾಲಿನ ಬೆರಳೆಲ್ಲ ಆಡಿಸ್ತಿದಾಳೆ. ಜರ್ಸಿ ಕತ್ತರಿಸಿಬಿಟ್ರು ಅಂತ ಕಂಡವರನ್ನೆಲ್ಲ ಬೈತಿದಾಳೆ!” ಅಂದಾಗ ಅವನು ಗಹಗಹಿಸಿ ನಕ್ಕ. ನಕ್ಕರೂ ಎರಡು ಕೈಗಳು ಮಾತ್ರ ಒಂದು ತಲೆಯಷ್ಟು ಅಂತರದಲ್ಲಿ ಗಾಳಿಯಲ್ಲೇ ನಿಂತಿದ್ದವು. ಇಂಥ ದಿನ ಅವು ಬೇಗ ಕೆಳಗಿಳಿಯುವುದಿಲ್ಲವೆಂದು ಹೆಂಡತಿಗೆ ಗೊತ್ತು. ಅವಳು ಉಣ್ಣೆದಾರದ ಲಡಿಯನ್ನು ತಂದು ಆ ಕೈಗಳಿಗೆ ತೊಡಿಸಿ, “ಅಲ್ಲಾಡ್ಬೇಡಿ ಮತ್ತೆ” ಎಂದು ಎದುರಿಗೆ ಕೂತು ಉಂಡೆ ಸುತ್ತತೊಡಗಿದಳು.