ಬೂದಿಬಣ್ಣದ ಕಾರಿನ ದನಿ

ಇವತ್ತು ಬೆಳಗ್ಗೆ ನನ್ನ ಮಗ, ಅಂದರೆ ನಿಮ್ಮಪ್ಪ, ಕಾರಿನ ತಂಪು ಗಾಳಿ ಹಚ್ಚಿದ ಕೂಡಲೇ ನನಗೆ ಸೀನು ಬಂತು. ಹಿಂದಿನ ಸಣ್ಣ ಸೀಟಿನಲ್ಲಿ ಮುದುಡಿಕೊಂಡು ಕೂತಿದ್ದ ನೀವಿಬ್ಬರೂ ನಕ್ಕಿರಿ. ಎಷ್ಟು ಸಲ ತೊಳೆಸಿದರೂ ಆ ಕಾರಿನ ಹೊಟ್ಟೆಯೊಳಗಿಂದ ಮೆಣಸಿನಕಾಯಿ ವಾಸನೆ ಹೋಗಿಲ್ಲ. ಒಗ್ಗರಣೆಯ ಘಾಟಿನಂಥದ್ದಲ್ಲ ಅದು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಒಣಗಿದ ಹಣ್ಣಿನ ಹಾಗೆ ಸ್ವಲ್ಪ ಸಿಹಿ, ಬಹಳ ದಿನ ತೆರೆಯದ ಟ್ರಂಕಿನ ಹಾಗೆ ಸ್ವಲ್ಪ ಹಳತು. ಮೊದಲು ಮೂಗಿಗೆ ಬರುತ್ತದೆ, ಆಮೇಲೆ ಗಂಟಲಲ್ಲಿ ಕೂತುಬಿಡುತ್ತದೆ.

ಇಂಥ ಕಾರು ನಮ್ಮ ಮನೆಗೆ ಹೇಗೆ ಬಂತೆಂದು ನೀವು ಕೇಳಿದಿರಿ. ನಾನು ಸುಮ್ಮನಿದ್ದೆ. ನಾಲ್ಕು ಜನರ ನಡುವೆ ಕುಡಿಯಲು ನೀರು ಕೇಳುವುದಕ್ಕೂ ನಾಚುವ ಹೆಂಗಸು ನಾನು. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ. ಆದ್ದರಿಂದ ಬರೆದಿಡುತ್ತೇನೆ, ದೊಡ್ಡವರಾದ ಮೇಲೆ ಓದಿರಿ.

ಆಗ ನೀವು ಹುಟ್ಟಿರಲಿಲ್ಲ. ರಾಣೆಬೆನ್ನೂರಿನ ನಮ್ಮ ಬೀಜದ ಅಂಗಡಿ ಒಂದು ನೆಲೆಗೆ ಬಂದಿತ್ತು. ನಿಮ್ಮಪ್ಪನಿಗೆ ಸಣ್ಣವನಿದ್ದಾಗಿನಿಂದ ಸ್ಪೋರ್ಟ್ಸ್ ಕಾರಿನ ಹುಚ್ಚು. ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲೇ ಕಾರಿನ ಪಟ ಅಂಟಿಸಿ ನಿಮ್ಮ ಅಜ್ಜನಿಂದ ಬೈಸಿಕೊಂಡಿದ್ದ. ಬ್ಯಾಡಗಿಯಲ್ಲಿ ಒಂದು ಹಳೆಯ ಸ್ಪೋರ್ಟ್ಸ್ ಕಾರು ಮಾರಾಟಕ್ಕಿದೆ ಎಂದು ಯಾರೋ ಹೇಳಿದ ದಿನ ಅವನು ಸರಿಯಾಗಿ ಊಟವನ್ನೇ ಮಾಡಲಿಲ್ಲ. ನನಗೆ ಸ್ಪೋರ್ಟ್ಸ್ ಎಂದರೆ ಶಾಲೆಯಲ್ಲಿ ಚಮಚೆಯಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುವುದು, ಗೋಣಿಚೀಲದಲ್ಲಿ ಕಾಲಿಟ್ಟು ಜಿಗಿಯುವುದು. ಇದು ಆಟಗಾರರನ್ನು ಮೈದಾನಕ್ಕೆ ಕರೆದೊಯ್ಯುವ ಗಾಡಿ ಇರಬೇಕು ಎಂದುಕೊಂಡೆ. ನಿಮ್ಮ ಅವ್ವ ಮಾತ್ರ ಒಲೆಯ ಮುಂದಿನಿಂದಲೇ ಕೇಳಿದಳು: “ಬೀಜಾ ಮಾರಾವ್ರಿಗೆ ಇಂಥಾ ಕಾರು ಯಾಕ್ರಿ? ಇದರಾಗ ಒಯ್ದ್ರ ಬೀಜ ಲಗೂ ಮೊಳಕಿ ಒಡಿತಾವೇನು?”

ನೋಡಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದ. ಆ ಮನೆಯಲ್ಲಿ ಮಾತಾಡುವವಳು ಒಬ್ಬ ಹೆಣ್ಣುಮಗಳು, ಜೊತೆಗೆ ಹೆಂಗಸರಿಲ್ಲದೆ ಹೋದರೆ ಚೆನ್ನಾಗಿರುವುದಿಲ್ಲ ಎಂಬುದು ಅವನ ಲೆಕ್ಕ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಬ್ಯಾಡಗಿ ಕಡೆ ತಿರುಗಿದರೆ ಸುಗ್ಗಿಯ ದಿನಗಳಲ್ಲಿ ಗಾಳಿಯೇ ಕೆಂಪಾಗಿರುತ್ತದೆ. ಮಾರುಕಟ್ಟೆಯ ಹಿಂದಿನ ಒಂದು ಓಣಿ. ಮನೆಗೆ ಹೊಂದಿಕೊಂಡೇ ಮೆಣಸಿನಕಾಯಿ ಗೋದಾಮು. ಚೀಲಗಳ ಸಂದಿಯಲ್ಲಿ, ತಾಡಪತ್ರಿಯ ಕೆಳಗೆ ಆ ಕಾರು ಮಲಗಿತ್ತು. ಬೂದಿಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹತ್ತಿದ ಮೈ. ಕೂತು ನೋಡು ಎಂದು ನಿಮ್ಮಪ್ಪ ಒತ್ತಾಯ ಮಾಡಿದ. ನಾನು ಕಾಳು ತೆಗೆಯಲು ನೆಲದೊಳಗಿನ ಹಗೇವಿಗೆ ಇಳಿದ ಹಾಗೆ ಇಳಿದೆ. ಏಳಲು ಬರಲಿಲ್ಲ. ಗಿರಿಜಾ ಎಂಬ ಆ ಹೆಣ್ಣುಮಗಳೇ ಕೈಕೊಟ್ಟು ಎಬ್ಬಿಸಿದಳು. ಅವಳ ಕೈ ತಣ್ಣಗಿತ್ತು.

ಮೂವತ್ತರ ಆಸುಪಾಸಿನವಳು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ನಮ್ಮ ಕಾಲದವರು ಯಾವ ಹೆಂಗಸನ್ನು ಕಂಡರೂ ಮೊದಲು ಹಣೆ ನೋಡುತ್ತೇವೆ, ಆಮೇಲೆ ಕೈ ನೋಡುತ್ತೇವೆ, ಅಷ್ಟರಲ್ಲಿ ಅವಳ ಸಂಸಾರ ಓದಿ ಮುಗಿದಿರುತ್ತದೆ. ನಾನೂ ಓದಿ ಮುಗಿಸಿದೆ. ಕಾಗದಪತ್ರದ ಮಾತನ್ನು ಅವಳ ಮಾವ ನಿಮ್ಮಪ್ಪನ ಜೊತೆ ಆಡಿದರು. ಕಾರು ಅವರ ಹೆಸರಿನಲ್ಲೇ ಇತ್ತು. ಮಾತು ಕಡಿಮೆ ಮನುಷ್ಯ, ಕಾರಿನ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ನಿಮ್ಮ ಯಜಮಾನರು ಕಾಣುವುದಿಲ್ಲವಲ್ಲ ಎಂದು ನಾನು ಗಿರಿಜಾಳನ್ನು ಕೇಳಿದೆ.

“ಅವರು ಊರಾಗಿಲ್ರಿ ಅಮ್ಮಾರ,” ಎಂದಳು.

ವ್ಯಾಪಾರಸ್ಥರು, ಊರಲ್ಲಿರದಿದ್ದರೆ ಅದರಲ್ಲೇನು ವಿಶೇಷ? ಹೊರಡುವಾಗ ಅವಳು ಒಂದೇ ಒಂದು ಮಾತು ಕೇಳಿದಳು, ಬ್ಯಾಡಗಿಗೆ ಬರುವುದು ಇರುತ್ತದೆಯೇ ಎಂದು. ಇಲ್ಲಿಯ ಅಂಗಡಿಗಳಿಗೆ ಬೀಜ ಕೊಡಲು ವಾರವಾರ ಬರುತ್ತೇನೆ ಎಂದ ನಿಮ್ಮಪ್ಪ. ಹಾಗಾದರೆ ಈ ಓಣಿ ಹಿಡಿದೇ ಬನ್ನಿ, ಪೇಟೆಯ ಕಡೆ ಗದ್ದಲ ಬಹಳ ಎಂದಳು. ಒಳ್ಳೆಯ ಮನಸ್ಸು, ದಾರಿ ಹೇಳಿಕೊಡುತ್ತಾಳೆ ಎಂದುಕೊಂಡೆ.

ನಿಮ್ಮಪ್ಪ ಕಾರು ಚಾಲೂ ಮಾಡಿ ಗೋದಾಮಿನಿಂದ ಓಣಿಗೆ ಇಳಿಸಿದ. ಆ ಮನೆಯ ಎದುರಿಗೇ ರಸ್ತೆಗೆ ಅಡ್ಡ ಒಂದು ಉಬ್ಬು ಇದೆ. ಕಾರಿನ ಹೊಟ್ಟೆ ತಾಗದ ಹಾಗೆ ಅವನು ಇರುವೆ ನಡೆದಂತೆ ನಡೆಸುತ್ತಿದ್ದಾಗ, ಕಾರು ತಾನಾಗಿಯೇ ಹಾಡತೊಡಗಿತು. ಭಜನೆ. ಮೊದಲಿನಿಂದ ಅಲ್ಲ, ಒಂದು ಶಬ್ದದ ನಡುವಿನಿಂದ, ಉಸಿರು ಹಿಡಿದಿದ್ದವನು ಈಗ ಬಿಟ್ಟ ಹಾಗೆ. ತಾಳ, ಹಾರ್ಮೋನಿಯಂ, ನಾಲ್ಕಾರು ಗಂಡಸರು, ಅವರೆಲ್ಲರ ಮೇಲೆ ಒಂದು ದಪ್ಪ ದನಿ. ನಮ್ಮಿಬ್ಬರ ನಡುವಿನ ಸಣ್ಣ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಮೂಡಿದವು. ಕೂಡಿಸಿ ಓದಿದೆ: ಶಿವಾನಂದ. ಓಣಿಯ ತಿರುವಿಗೆ ಬರುವಷ್ಟರಲ್ಲಿ ದನಿ ಕತ್ತರಿಸಿದ ಹಾಗೆ ನಿಂತಿತು.

ನಿಮ್ಮಪ್ಪ ನಕ್ಕು ವಿವರಿಸಿದ. ಕಾರಿಗೆ ಒಮ್ಮೆ ಒಂದು ಫೋನಿನ ಗುರುತು ಮಾಡಿಸಿದರೆ ಮುಗಿಯಿತಂತೆ. ಆ ಫೋನು ಹತ್ತಿರ ಇದ್ದಾಗಲೆಲ್ಲ ತಂತಿಯಿಲ್ಲದೆಯೇ ಜೋಡಣೆಯಾಗಿ, ಹಿಂದಿನ ಸಲ ಎಲ್ಲಿ ನಿಂತಿತ್ತೋ ಅಲ್ಲಿಂದ ಹಾಡು ಮುಂದುವರಿಯುತ್ತದಂತೆ. ಈ ಶಿವಾನಂದ ಅವಳ ಗಂಡ ಇರಬೇಕು, ಫೋನು ಮನೆಯಲ್ಲೇ ಬಿಟ್ಟು ಊರಿಗೆ ಹೋಗಿದ್ದಾನೆ, ಅಷ್ಟೇ. ನಾನು ಹಿಂದೆ ತಿರುಗಿ ನೋಡಿದೆ. ಗಿರಿಜಾ ಹೊಸ್ತಿಲಲ್ಲಿ ನಿಂತಿದ್ದಳು, ತಲೆಯ ಮೇಲೆ ಸೆರಗು ಹೊದ್ದುಕೊಂಡು. ನಾವು ಅವಳ ಮನೆಯಲ್ಲಿ ಇದ್ದಷ್ಟು ಹೊತ್ತು, ಮಾವನ ಎದುರಿಗೆ ಕೂಡ, ಅವಳ ತಲೆಯ ಮೇಲೆ ಸೆರಗು ಇರಲಿಲ್ಲ.

ಆಮೇಲೆ ವಾರವಾರ ನಾನೂ ಬ್ಯಾಡಗಿಗೆ ಹೊರಡತೊಡಗಿದೆ. ಮುದುಕಿಗೆ ಕಾರಿನ ರುಚಿ ಹತ್ತಿತು ಎಂದು ನಮ್ಮ ಓಣಿಯವರು ನಗೆಯಾಡಿದರು. ನಿಜ ಹೇಳಬೇಕೆಂದರೆ ನನಗೆ ರುಚಿ ಹತ್ತಿದ್ದು ಆ ಭಜನೆಯದು. ಆ ಉಬ್ಬು ದಾಟುವಷ್ಟು ಹೊತ್ತು ಮಾತ್ರ ಕೇಳುತ್ತಿತ್ತು. ಒಂದು ಸಾಲೋ ಒಂದೂವರೆ ಸಾಲೋ ಹಾಡಿ ನಿಲ್ಲುತ್ತಿತ್ತು. ಮುಂದಿನ ವಾರ ಅಲ್ಲಿಂದ ಮುಂದೆ. ನಾವು ರಾಣೆಬೆನ್ನೂರಿನಲ್ಲಿ ಉಂಡು ಮಲಗಿ ಎದ್ದು ಅಂಗಡಿ ಮಾಡುವಾಗಲೆಲ್ಲ ಆ ಗಂಡಸರು ಬ್ಯಾಡಗಿಯಲ್ಲಿ ತಾಳ ಎತ್ತಿದ ಕೈ ಇಳಿಸದೆ, ಬಾಯಿ ತೆರೆದೇ ಕಾಯುತ್ತ ಕೂತಿರುತ್ತಾರೆ ಎಂದು ನನಗೆ ಅನ್ನಿಸುತ್ತಿತ್ತು. ಅನ್ನಿಸಿದಾಗ ಮೈ ಜುಮ್ಮೆನ್ನುತ್ತಿತ್ತು. ಆದರೂ ಹೋಗುತ್ತಿದ್ದೆ.

ಪ್ರತಿ ಸಲವೂ ಅವಳು ಹೊಸ್ತಿಲಲ್ಲಿ ಇರುತ್ತಿದ್ದಳು. ಒಮ್ಮೆ ನಾನು ಗಾಜು ಇಳಿಸಿ, ಗಾಡಿ ಚೆನ್ನಾಗಿ ಓಡುತ್ತಿದೆ, ನಿಮ್ಮ ಯಜಮಾನರಿಗೆ ಹೇಳವ್ವ ಎಂದೆ.

“ಹೇಳ್ತೀನ್ರಿ,” ಎಂದಳು. ಹೇಳುವವಳ ಹಾಗೆಯೇ ತಲೆಯಾಡಿಸಿದಳು.

ಇದೆಲ್ಲ ಹೀಗೆಯೇ ಇರುತ್ತಿತ್ತೇನೋ. ಒಂದು ವಾರ ನಿಮ್ಮ ಅವ್ವನನ್ನು ಕೂಡಿಸಿಕೊಂಡು ನಿಮ್ಮಪ್ಪ ಆ ಓಣಿಗೆ ಹೋದ. ಅವಳು ಮನೆಗೆ ಬಂದು ನೇರ ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡಳು. “ಅದರಾಗ ಯಾರೋ ಕುಂತಾರ,” ಎಂದಳು. “ಆ ಹೆಸರು ಅಳಸ್ರಿ, ಇಲ್ಲಂದ್ರ ಗಾಡಿ ಕೊಟ್ಟುಬಿಡ್ರಿ. ನಾ ಮತ್ತ ಕುಂದ್ರಾಕಿ ಅಲ್ಲ.” ನಿಮ್ಮಪ್ಪನಿಗೂ ಆ ಓಣಿಯಲ್ಲಿ ಅವನ ಸ್ವಂತ ಫೋನಿನ ಜೋಡಣೆ ತಪ್ಪುವುದು ಕಿರಿಕಿರಿಯಾಗಿತ್ತು. ಒಂದು ಗುಂಡಿ ಒತ್ತಿದರೆ ಹೋಗುವ ಹೆಸರು. ಈ ಸಲ ಬ್ಯಾಡಗಿಗೆ ಹೋದಾಗ ಅಂಗಡಿ ಕೆಲಸ ಮುಗಿಸಿ, ಆ ಓಣಿಯಲ್ಲಿ ಹೆಸರು ಮೂಡಿದ ಕೂಡಲೇ ಅಳಿಸಿಬಿಡುತ್ತೇನೆ ಎಂದ.

ಆ ದಿನ ಬಿಸಿಲು ಜೋರಿತ್ತು. ಓಣಿಯ ತಲೆಯಲ್ಲಿ ನನ್ನನ್ನು ಇಳಿಸಿ ಅವನು ಪೇಟೆಗೆ ಹೋದ. ನಾನು ಗಿರಿಜಾಳ ಮನೆಯವರೆಗೆ ನಡೆದು ಹೋಗಿ, ನಾಚಿಕೆ ಬಿಟ್ಟು ನೀರು ಕೇಳಿದೆ. ಅವಳು ಪಡಸಾಲೆಯಲ್ಲಿ ಚಾಪೆ ಹಾಸಿದಳು. ನೀರು ಕುಡಿದು ತಂಬಿಗೆ ಕೆಳಗಿಡುವಾಗ ಎದುರಿನ ಗೋಡೆಯ ಮಾಡದಲ್ಲಿ ಉರಿಯುವ ದೀಪ ಕಂಡಿತು. ದೀಪದ ಪಕ್ಕದಲ್ಲಿ ಬಿಳಿ ಬಟ್ಟೆ ಮುಚ್ಚಿದ ಏನೋ. ಅದರಿಂದ ಒಂದು ತಂತಿ ಗೋಡೆಗುಂಟ ಹೋಗಿತ್ತು. ನನ್ನ ಕಣ್ಣು ಅಲ್ಲೇ ನಿಂತದ್ದನ್ನು ನೋಡಿ ಅವಳೇ ಬಟ್ಟೆ ಸರಿಸಿದಳು. ಫೋನು.

ಊರಿಗೆ ಹೋದವರು ಇನ್ನೂ ಬಂದಿಲ್ಲವೇನವ್ವ ಎಂದು ಕೇಳಿದೆ. ಅವಳು ಬಟ್ಟೆಯ ಅಂಚನ್ನು ಸರಿಮಾಡುತ್ತ, ಮೆಲ್ಲಗೆ, ಬೇರೆ ಯಾರದೋ ಸುದ್ದಿ ಹೇಳುವವಳ ಹಾಗೆ ಹೇಳಿದಳು. ನಾವು ಕಾರು ಕೊಳ್ಳುವ ಹಿಂದಿನ ವರ್ಷವೇ ಅವರು ಹೋಗಿದ್ದರು. ಮಾರುಕಟ್ಟೆಯಲ್ಲಿ ಕಾಯಿ ಆರಿಸುತ್ತ ನಿಂತವರು ಎದೆ ಹಿಡಿದುಕೊಂಡು ಕೂತರಂತೆ, ಅಷ್ಟೇ. ಕುಂಕುಮ ಅಳಿಸಬೇಡ ಎಂದು ಅತ್ತೆಯೇ ಕೈಹಿಡಿದರಂತೆ. ಮಗನ ಗಾಡಿಯನ್ನು ನೋಡಲಾರದೆ ಮಾವ ಮಾರಲು ನಿಂತರು. ಹತ್ತಿರದ ಊರಿನವರಿಗೇ ಕೊಡಿ ಎಂದಷ್ಟು ಇವಳು ಕೇಳಿಕೊಂಡಿದ್ದಳು.

“ಇದನ್ನ ತೆರಿಯಾಕ ನನಗ ಬರೂದಿಲ್ರಿ. ಅಂಕಿ ಅವರಿಗಷ್ಟ ಗೊತ್ತಿತ್ತು,” ಎಂದಳು. “ಕರೆಂಟು ಹೋದ್ರ ನನ್ನ ಜೀವ ಹೋಗತೈತಿ. ಒಮ್ಮಿ ಆರಿದ್ರ ಅಂಕಿ ಹಾಕಲಾರದ ಯಾರ ಮಾತೂ ಕೇಳೂದಿಲ್ಲಂತ ಇದು. ನಿಮ್ಮ ಗಾಡಿ ಬಂದಾಗಷ್ಟ ಮಾತಾಡತೈತ್ರಿ. ಆ ದಪ್ಪನ್ನ ದನಿ ಅವರದ.”

ಮರುಕ ಬರುವ ಮೊದಲು ನನಗೆ ಬಂದದ್ದು ಹೊಟ್ಟೆಕಿಚ್ಚು. ನಿಮ್ಮ ಅಜ್ಜ ಹೋದಾಗ ಇಂಥ ಫೋನು ಎಲ್ಲಿತ್ತು? ಒಂದು ಫೋಟೋ ಇದೆ, ಅದರಲ್ಲಿ ಬಾಯಿ ಮುಚ್ಚಿಕೊಂಡಿದ್ದಾರೆ.

ಅಷ್ಟರಲ್ಲಿ ಮಾಡದ ಫೋನು ತಾನಾಗಿ ಬೆಳಗಿತು. ಹೊರಗೆ ಇನ್ನೂ ಯಾವ ಸಪ್ಪಳವೂ ಇರಲಿಲ್ಲ, ನನ್ನ ಕಿವಿಗಂತೂ ಬೀಳಲಿಲ್ಲ. ಗಿರಿಜಾ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಎದ್ದು ಬಾಗಿಲ ಕಡೆ ನಡೆದಳು.

“ಬಂದ್ರು,” ಎಂದಳು.

ಆಮೇಲೆ ಓಣಿಯಲ್ಲಿ ಆ ದನಿ ಎದ್ದಿತು.

ನಿಮ್ಮಪ್ಪ ಅಳಿಸುತ್ತೇನೆ ಎಂದದ್ದು ಆಗ ನೆನಪಾಯಿತು. ನಾನು ಓಡಿದೆ. ಮದುವೆಯಾದ ಮೇಲೆ ನಾನು ಬೀದಿಯಲ್ಲಿ ಓಡಿದವಳಲ್ಲ. ಉಬ್ಬಿನ ಮೇಲೆ ಕಾರಿಗೆ ಅಡ್ಡ ನಿಂತು ಎರಡೂ ಕೈ ಎತ್ತಿದೆ. ಅವನು ಬ್ರೇಕು ಒತ್ತಿದ. ಅವನ ಬೆರಳು ಆಗಲೇ ಆ ಪರದೆಯ ಮೇಲಿತ್ತು.

“ಮುಟ್ಟಬ್ಯಾಡೋ,” ಎಂದೆ. “ಅದು ಆಕಿ ಗಂಡ.”

ಅವನು ನನ್ನನ್ನು ನೋಡಿದ, ಬಾಗಿಲಲ್ಲಿ ನಿಂತವಳನ್ನು ನೋಡಿದ. ಬೆರಳು ತೆಗೆದು, ಕಾರು ಚಾಲೂ ಇದ್ದ ಹಾಗೆಯೇ ಕೆಳಗಿಳಿದು, ದೂರ ಹೋಗಿ ಗೋಡೆಗೆ ಒರಗಿ ನಿಂತ. ಭಜನೆ ನಡೆದೇ ಇತ್ತು. ಅಷ್ಟು ಹೊತ್ತು ಅದು ಎಂದೂ ನಡೆದಿರಲಿಲ್ಲ. ಗಿರಿಜಾ ಮೆಟ್ಟಿಲಿಳಿದು ಬಂದು ಎಡಗಡೆಯ ಬಾಗಿಲು ತೆರೆದು ಕೂತಳು. ಒಬ್ಬಳಿಗೇ ಅಂಜಿಕೆಯಾಗುತ್ತದೆ, ನೀವು ಆ ಕಡೆ ಕೂತುಕೊಳ್ಳಿ ಎಂದು ನನ್ನನ್ನು ಕರೆದಳು. ಹೀಗೆ, ಸೈಕಲ್ಲನ್ನೂ ತುಳಿಯದ ನಾನು ಸ್ಪೋರ್ಟ್ಸ್ ಕಾರಿನ ಸ್ಟೇರಿಂಗ್ ಚಕ್ರದ ಹಿಂದೆ ಕೂತೆ. ಚಕ್ರವನ್ನು ಮುಟ್ಟದೆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅದು ನನ್ನ ಜಾಗ ಅಲ್ಲ ಎಂದು ಬೆನ್ನಿಗೆ ಗೊತ್ತಾಗುತ್ತಿತ್ತು. ಆ ಸೀಟಿನಲ್ಲಿ ಯಾರದೋ ಮೈಯ ತಗ್ಗು ಇತ್ತು.

ಭಜನೆ ಮುಗಿಯಿತು. ತಾಳ ಕೆಳಗಿಟ್ಟ ಸಪ್ಪಳ. ಯಾರೋ ಕೆಮ್ಮಿದರು. ಯಾರೋ ಇನ್ನೊಂದು ಹಾಡು ಹೇಳು ಎಂದು ಅವರನ್ನು ಕೇಳಿದರು. ಆಗ ಆ ದಪ್ಪ ದನಿ, ಹಾಡಿನಿಂದ ಇಳಿದು, ನಮ್ಮ ನಿಮ್ಮ ಹಾಗೆ ಮಾತಾಡಿತು:

“ಸಾಕ ಬಿಡ್ರಪಾ, ಮನಿಗೆ ಹೋಗೂನು. ಆಕಿ ಕಾಯಾಕತ್ತಿರ್ತಾಳ.”

ಅಲ್ಲಿಗೆ ನಿಂತಿತು. ಎಂಜಿನ್ನಿನ ಗುರುಗುರು, ಗಾಳಿಯಲ್ಲಿ ಮೆಣಸಿನಕಾಯಿ ವಾಸನೆ. ಗಿರಿಜಾ ಅಳಲಿಲ್ಲ. ಬಹಳ ಹೊತ್ತು ಎದುರಿನ ಗಾಜಿನ ಆಚೆ ಓಣಿಯ ತಿರುವನ್ನು ನೋಡುತ್ತ ಕೂತಿದ್ದಳು. ನಾನೂ ಅದನ್ನೇ ನೋಡಿದೆ. ಯಾರಾದರೂ ಬಂದಾರೇನೋ ಎಂದು ನೋಡಿದೆ, ಸುಳ್ಳು ಯಾಕೆ ಹೇಳಲಿ.

“ಅವರು ಮನಿಗೆ ಹೊಂಟಾರ್ರಿ ಅಮ್ಮಾರ,” ಎಂದಳು ಕೊನೆಗೆ. “ಇನ್ನ ಅವರನ್ನ ಓಣ್ಯಾಗ ನಿಂದ್ರಿಸೂದು ಬ್ಯಾಡ. ಅಳಸಾಕ ಹೇಳ್ರಿ.”

ಅವಳು ಒಳಗೆ ಹೋಗಿ ತಂತಿ ಕಿತ್ತಳು. ನಿಮ್ಮಪ್ಪ ಮುಖ ಆಚೆ ತಿರುಗಿಸಿಕೊಂಡು ಗುಂಡಿ ಒತ್ತಿದ. ಹಾವೇರಿಗೆ ಹೋಗಿ ಕಾಗದ ನಮ್ಮ ಹೆಸರಿಗೆ ಮಾಡಿಸಿ ಬಹಳ ದಿನವಾಗಿತ್ತು, ಆದರೆ ಆ ಕಾರು ನಮ್ಮದಾದದ್ದು ಆ ಹೊತ್ತಿಗೆ ಎಂದು ನಾನು ತಿಳಿದಿದ್ದೇನೆ.

ಈಗ ಆ ಓಣಿಯಲ್ಲಿ ಹೋದರೆ ಕಾರು ಸುಮ್ಮನಿರುತ್ತದೆ. ಇವತ್ತೂ ಸುಮ್ಮನಿತ್ತು, ನೀವೇ ನೋಡಿದಿರಿ. ಗಿರಿಜಾ ಗೋದಾಮಿನ ಮುಂದೆ ಹಮಾಲರ ಜೊತೆ ವ್ಯವಹಾರದ ಮಾತಿನಲ್ಲಿದ್ದಳು, ನಮ್ಮ ಕಡೆ ಕೈ ಬೀಸಿ ಮತ್ತೆ ಚೀಲಗಳ ಕಡೆ ತಿರುಗಿದಳು. ಅವಳು ಚೆನ್ನಾಗಿದ್ದಾಳೆ.

ನನಗೆ ಮಾತ್ರ ಒಂದು ಆಗಿದೆ, ಯಾರಿಗೂ ಹೇಳಿಲ್ಲ. ನಿಮ್ಮ ಅಜ್ಜ ಹೊಲದಿಂದ ಬಂದು ಅಂಗಳದಲ್ಲಿ ನಿಂತು ನೀರು ತಾ ಎಂದು ಕೂಗುತ್ತಿದ್ದರು. ಇಷ್ಟು ವರ್ಷ ಕಣ್ಣು ಮುಚ್ಚಿದರೆ ಸಾಕು, ಆ ಕೂಗು ಕೇಳುತ್ತಿತ್ತು. ಈಗಲೂ ಅಂಗಳ ಕಾಣುತ್ತದೆ, ಹೆಗಲ ಮೇಲಿನ ಟವೆಲು ಕಾಣುತ್ತದೆ, ಬಾಯಿ ತೆರೆಯುವುದೂ ಕಾಣುತ್ತದೆ. ದನಿ ಮಾತ್ರ ಅವರದಲ್ಲ. ಬ್ಯಾಡಗಿಯ ಆ ಮನುಷ್ಯನದು. ನಿಮ್ಮಪ್ಪನಿಗೆ ಅವನ ಅಪ್ಪನ ದನಿ ನೆನಪಿದೆಯೇ ಎಂದು ಕೇಳಬೇಕು ಎಂದುಕೊಳ್ಳುತ್ತೇನೆ. ಅವನೂ ಆ ಭಜನೆ ಕೇಳಿದ್ದಾನಲ್ಲ. ಅವನು ಏನು ಹೇಳುತ್ತಾನೋ ಎಂಬ ಅಂಜಿಕೆಯಿಂದ ಕೇಳದೆ ಉಳಿದಿದ್ದೇನೆ. ನೀವೂ ಕೇಳಬೇಡಿ.